ಕಪ್ಪೀ ಹುಳ, ನನ್ನ ಅಂಜಿಕಿ

ಅಂಜುಬುರುಕರಿಗೇ ಇಂಥಾ ಪ್ರಸಂಗ ಗಂಟುಬೀಳ್ತಾವ ನೋಡ್ರಿ. ಆಗ ಬ್ರಿಟಿಷರ ಕಾಲ. ಧಾರವಾಡದಿಂದ ಪುಣೇಕ ಬಂದು, ಒಂದು ಕಾಲೇಜಿನ ಪ್ರಾಣಿಶಾಸ್ತ್ರದ ಪ್ರಯೋಗಶಾಲ್ಯಾಗ ನೌಕರಿ ಹಿಡಿದಿದ್ದೆ. ಹುಡುಗರಿಗೆ ಕಪ್ಪಿ ಕೊಯ್ದು ತೋರಿಸೋ ಕೆಲಸ. ನನಗೋ, ಕಪ್ಪಿ ಕಂಡ್ರ ಸಾಕು, ಕೈಕಾಲು ತಣ್ಣಗಾಗತಿದ್ದವು. ಹೊಸದಾಗಿ ಲಗ್ನ ಆಗಿತ್ತು, ನೌಕರಿ ಬಿಡೋಹಂಗಿರಲಿಲ್ಲ.

೧. ಸತ್ತದ್ದರ ಎದಿ

ಮೊದಲನೇ ದಿನಾನ ಸತ್ತ ಕಪ್ಪೀ ಎದಿ ಸೀಳಿದೆ. ಒಳಗ ಹೃದಯ ಬಡೀಲಿಕ್ಕೆ ಹತ್ತಿತ್ತು! ಕತ್ತರಿ ಒಗದು ಚೀರಿದೆ: “ಸರ್, ಇದು ಸತ್ತಿಲ್ರೀ!”

ನಮ್ಮ ಪ್ರೊಫೆಸರು ಮರಾಠಿಯವರು. ಬೆಳಗಾಂವದಾಗ ಬೆಳೆದವರು, ಕನ್ನಡ ಭಾಳ ಚಂದ ಮಾತಾಡ್ತಿದ್ರು. “ಸತ್ತದ ರೀ. ಕಪ್ಪೀ ಹೃದಯ ಸತ್ತಮ್ಯಾಲೂ ಒಂದಿಷ್ಟು ಹೊತ್ತು ಬಡೀತದ,” ಅಂದ್ರು. ಆಮ್ಯಾಲ ನನ್ನ ಮಾರಿ ನೋಡಿ, “ನಿಮ್ಮದ ನಿಂತಂಗ ಕಾಣ್ತದ. ಮೊದಲು ಕುಂದರ್ರಿ,” ಅಂದ್ರು.

೨. ಬಾಡಿಗಿದಾರರು

ಇನ್ನೊಂದು ದಿನ ಕಪ್ಪೀ ಶ್ವಾಸಕೋಶ ಬಿಡಿಸಿದ್ರ ಒಳಗ ಎಳಿಯಂಥಾ ಹುಳಗಳು. ಮೂತ್ರಚೀಲದಾಗ ಕಚ್ಚಿಕೊಂಡು ಕೂತ ಚಪ್ಪಟ್ಟಿ ಹುಳ. ಕರುಳಿನ ಕೊನೀದು ಒಂದು ಹನಿ ಸೂಕ್ಷ್ಮದರ್ಶಕದಾಗ ಇಟ್ರ, ಅಲ್ಲೂ ಈಜಾಡೋ ಜೀವಿಗಳು! ಪ್ರೊಫೆಸರಿಗೆ ಹಬ್ಬ. “ಇದು ಕಪ್ಪಿ ಅಲ್ರೀ, ನಮ್ಮ ಪುಣೇ ಪೇಟ್ಯಾಗಿನ ಬಾಡಿಗಿ ವಾಡೆ! ಖೋಲಿಗೊಬ್ಬ ಬಾಡಿಗಿದಾರ!”

ಅವತ್ತಿನಿಂದ ನನ್ನ ಹೊಟ್ಟಿ ಗುರ್ ಅಂದ್ರ ಸಾಕು, ಬೆವರತಿದ್ದೆ. ನನ್ನೊಳಗ ಯಾರು ಬಂದು ಇಳಕೊಂಡಾರೋ ಅಂತ ಜೀವ ಹಾರತಿತ್ತು. ಮನ್ಯಾಗ ಹೆಂಡತಿ ಪ್ರೀತಿಲೆ ಶಾವಿಗಿ ಬಸದು ಬಡಿಸಿದ್ಲು. ತಾಟಿನಾಗ ಎಳಿ ಎಳಿ ಕಂಡದ್ದs ತಡ, ಎದ್ದು ಹೊರಗ ಓಡಿದೆ.

“ನನ್ನ ಅಡಗಿ ಬ್ಯಾಡಾದ್ರ, ನಾಳಿಂದ ಆ ಕಪ್ಪೀ ಪಂಕ್ತಿಗೇ ಕುಂದರ್ರಿ!” ಅಂತ ಒಳಗಿಂದ ಬಂತು ದನಿ.

೩. ಎತ್ತಿ ಕುಡಿದದ್ದು

ಕಾಲೇಜಿನ ನೀರು ನಾ ಮುಟ್ಟತಿರಲಿಲ್ಲ. ಮಡಿ ಅಂತ ಮನಿಯಿಂದ ತಾಮ್ರದ ತಂಬಿಗಿ ಒಯ್ಯತಿದ್ದೆ. ತುಟಿಗೆ ಹಚ್ಚದs ಎತ್ತಿ ಕುಡಿಯೋ ರೂಢಿ ನಮ್ಮದು. ಹಂಗ ಕುಡಿಯೋವಾಗ ಮಾರಿ ಮ್ಯಾಲಿರತದ, ತಂಬಿಗ್ಯಾಗ ಏನದ ಅಂತ ಯಾರು ನೋಡ್ತಾರ?

ಹುಡುಗರ ಪರೀಕ್ಷಾದ ಹಿಂದಿನ ದಿನ ಬಾಯಾರಿ ಬಂದು ಗಟಗಟ ಕುಡಿದೆ. ಉಪ್ಪುಪ್ಪು! ಬಗ್ಗಿ ನೋಡಿದೆ. ತಳದಾಗ ಒಂದs ಒಂದು ಹುಳ ಹೊಳ್ಳಾಡಲಿಕ್ಕೆ ಹತ್ತಿತ್ತು. ಖಾಲಿ ಬಟ್ಟಲು ಸಿಗಲಾರದಕ್ಕ, ಪ್ರೊಫೆಸರು ಮರುದಿನದ ಪರೀಕ್ಷಾಕ್ಕಂತ ನನ್ನ ತಂಬಿಗ್ಯಾಗ ಉಪ್ಪುನೀರು ಮಾಡಿ, ಕಪ್ಪೀ ಶ್ವಾಸಕೋಶದ ಹುಳ ಬಿಟ್ಟಿದ್ರು. ಬಾಕಿ ಹುಳ ಎಲ್ಲಿ ಅಂತ ಮಾತ್ರ ಕೇಳಬ್ಯಾಡ್ರಿ.

ನೆಲಕ್ಕ ಕುಸದು ಅವರ ಕಾಲು ಹಿಡಿದೆ. “ಸರ್, ನನ್ನ ಹೆಂಡತಿ ಇನ್ನೂ ಸಣ್ಣಾಕಿ. ನಾ ಉಳೀತೀನೇನ್ರಿ?”

ಅವರು ತಂಬಿಗ್ಯಾಗ ಹಣಿಕಿ ಹಾಕಿದ್ರು. ಮಾರಿ ಬೆಳ್ಳಗಾತು. “ಅರೇ ದೇವಾ! ಎಲ್ಲಾ ಹೋತು!” ಅಂದ್ರು. ನನ್ನ ಕತಿ ಮುಗೀತು ಅಂತ ಅಳಲಿಕ್ಕೆ ಹತ್ತಿದೆ.

“ನೀವ್ಯಾಕ ಅಳ್ತೀರಿ?” ಅಂತ ಅವರು ಸಿಟ್ಟಿಗೆದ್ರು. “ನಿಮಗೇನಾಗತದ? ಅವು ಕಪ್ಪೀ ತಣ್ಣನ್ನ ಮೈಯಾಗ ಬೆಳದಾವ. ನಿಮ್ಮ ಬಿಸಿ ಹೊಟ್ಟ್ಯಾಗ ಒಂದಾದ್ರೂ ಉಳೀತದೇನ್ರಿ, ಪಾಪ?”