ಐಸ್ ಮೇಲೆ ಓಕುಳಿ

ನಾನು ಹೋದಲ್ಲೆಲ್ಲ ಒಂದಲ್ಲ ಒಂದು ಎಡವಟ್ಟು ಆಗುತ್ತದೆ. ಅದನ್ನು ಮಾಡುವವಳು ನಾನೇ ಎಂದು ಒಪ್ಪಿಕೊಳ್ಳಲು ನಲವತ್ತು ವರ್ಷ ಬೇಕಾಯಿತು. ಧಾರವಾಡದಲ್ಲಿ ಹುಟ್ಟಿ, ಉತ್ತರ ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್ ಆಗಿರುವ ನಾನು, ಹೋದ ಸೀಸನ್ನಿನಲ್ಲಿ ಶನಿವಾರ, ಭಾನುವಾರ ಒಂದು ಐಸ್ ಹಾಕಿ ತಂಡಕ್ಕೂ ಫಿಸಿಯೋ ಆದೆ. ಊರಿನ ಹೆಸರು ಹೇಳಿದರೆ ತಂಡ ಯಾವುದೆಂದು ಗೊತ್ತಾಗುತ್ತದೆ, ಹೇಳುವುದಿಲ್ಲ. ಅವರ ಮರ್ಯಾದೆಯಾದರೂ ಉಳಿಯಲಿ. ಕ್ರಿಸ್‌ಮಸ್‌ವರೆಗೆ ನೋಡೋಣ, ಸರಿಹೋದರೆ ಮುಂದುವರಿಸೋಣ ಎಂದು ಮ್ಯಾನೇಜರು ಮೊದಲ ದಿನವೇ ಹೇಳಿದ್ದರು. ಆ ಕೆಲಸ ಉಳಿಸಿಕೊಳ್ಳಬೇಕೆಂದು ನನಗೆ ವಿಪರೀತ ಆಸೆ. ಮಾಡಿದ್ದೆಲ್ಲ ಆ ಆಸೆಗೇ.

ಗಾಯಾಳು ಯಾರು

ಮೊದಲ ಪಂದ್ಯ. ನಮ್ಮ ಕ್ಯಾಪ್ಟನ್ ಗೋಡೆಗೆ ಅಪ್ಪಳಿಸಿ ಐಸ್ ಮೇಲೆ ಮಲಗಿಬಿಟ್ಟ. ಆಟ ನಿಂತಿತು, ಕೋಚ್ ನನ್ನ ಕಡೆ ನೋಡಿದರು. ಐಸ್ ಮೇಲೆ ನಡೆಯುವಾಗ ಶೂಗಳಿಗೆ ಮುಳ್ಳಿನ ಪಟ್ಟಿ ಕಟ್ಟಿಕೊಳ್ಳಬೇಕು. ಅದು ನನ್ನ ಬ್ಯಾಗಿನಲ್ಲಿ, ಪ್ಯಾಕೆಟ್ಟಿನೊಳಗೆ, ಭದ್ರವಾಗಿತ್ತು. ಆಸ್ಪತ್ರೆಯ ಕಾರಿಡಾರಿನಲ್ಲಿ ಓಡುವಂತೆ ಓಡಿದೆ. ನಾಲ್ಕು ಹೆಜ್ಜೆ ಓಡಿದ್ದು ನೆನಪಿದೆ. ಆಮೇಲೆ ಛಾವಣಿಯ ದೀಪಗಳು ಕಂಡವು.

ಕ್ಯಾಪ್ಟನ್ ಎದ್ದ. ತುಟಿಯಲ್ಲಿ ರಕ್ತ ಇಟ್ಟುಕೊಂಡೇ ಜಾರುತ್ತ ಬಂದು, ನನ್ನ ಎರಡೂ ಕಂಕುಳಿಗೆ ಕೈಕೊಟ್ಟು ಎತ್ತಿ, ಎಲ್ಲಿ ನೋವು ಎಂದು ಕೇಳಿದ. ಅದು ನಾನು ಕೇಳಬೇಕಾದ ಪ್ರಶ್ನೆ. ಪ್ರೇಕ್ಷಕರೆಲ್ಲ ಎದ್ದುನಿಂತು ಚಪ್ಪಾಳೆ ತಟ್ಟಿದರು. ನೆಲ ಬಾಯಿ ಬಿಡಬಾರದೇ ಎಂದುಕೊಂಡೆ, ಆದರೆ ಅಲ್ಲಿ ನೆಲವೂ ಗಟ್ಟಿ ಐಸ್. ಆ ದಿನದ ಗಾಯಾಳುಗಳ ಪಟ್ಟಿಯಲ್ಲಿ ಒಂದೇ ಹೆಸರಿತ್ತು, ಅದನ್ನು ಬರೆದವಳೂ ನಾನೇ.

ಗೋಲಿಯ ಬನಿಯನ್

ಅಲ್ಲಿಂದ ತಂಡ ಸತತ ನಾಲ್ಕು ಪಂದ್ಯ ಗೆದ್ದಿತು. ನಮ್ಮ ಗೋಲ್‌ಕೀಪರ್, ಎಲ್ಲರ ಬಾಯಲ್ಲಿ ಗೋಲಿ, ನಾಲ್ಕಕ್ಕೂ ಒಂದೇ ಬನಿಯನ್ ಹಾಕಿದ್ದ. ಅದರ ವಾಸನೆ ಡ್ರೆಸಿಂಗ್ ರೂಮಿಗೆ ಅವನಿಗಿಂತ ಮೊದಲೇ ಬರುತ್ತಿತ್ತು. ಚರ್ಮರೋಗ ಬಂದೀತೆಂಬ ಕಾಳಜಿಯಿಂದ, ಕೆಲಸ ಚೆನ್ನಾಗಿ ಮಾಡುತ್ತಾಳೆ ಅನ್ನಿಸಿಕೊಳ್ಳುವ ಆಸೆಯಿಂದಲೂ, ಯಾರಿಗೂ ಹೇಳದೆ ಮನೆಗೆ ಒಯ್ದೆ. ಬಿಸಿನೀರಿನಲ್ಲಿ ಎರಡು ಸಲ ಒಗೆದು, ಸುಗಂಧದ ದ್ರವ ಹಾಕಿ, ಇಸ್ತ್ರಿ ಮಾಡಿ ಅವನ ಜಾಗದಲ್ಲಿ ನೇತುಹಾಕಿದೆ.

ಅವನು ಅದನ್ನು ಮೂಗಿಗೆ ಹಿಡಿದು, ಹಾಗೇ ಕ್ಯಾಪ್ಟನ್ ಕೈಗೆ ದಾಟಿಸಿದ. ಗೆಲ್ಲುತ್ತಿರುವಾಗ ಬನಿಯನ್ ಒಗೆಯಬಾರದು ಎಂದು ಕ್ಯಾಪ್ಟನ್ ನನಗೆ ಸಾವಿನ ಸುದ್ದಿ ಹೇಳುವ ದನಿಯಲ್ಲಿ ತಿಳಿಸಿದ. ಎಡಗಾಲಿನ ಸ್ಕೇಟ್ ಮೊದಲು ಹಾಕಬೇಕು, ಇಂಥವನು ಇಂಥವನ ಹಿಂದೆಯೇ ಐಸಿಗೆ ಇಳಿಯಬೇಕು, ಇನ್ನೂ ಏನೇನೋ ಕಟ್ಟಳೆ ಇದ್ದವು. ನಮ್ಮ ಸೋದರತ್ತೆಯ ಮಡಿಯೂ ಇಷ್ಟು ಬಿಗಿಯಲ್ಲ.

ಅಂದು ಒಂಬತ್ತು ಗೋಲು ಬಿಟ್ಟೆವು. ಪ್ರತಿ ಗೋಲಿಗೂ ಹನ್ನೆರಡು ಜನ ತಿರುಗಿ ನನ್ನನ್ನೇ ನೋಡಿದರು. ನಮ್ಮ ಗೋಲಿ ಮಾತ್ರ ಕೊನೆಯವರೆಗೂ ಘಮಘಮ ಅನ್ನುತ್ತಿದ್ದ.

ಪೂಜೆ

ನನ್ನಿಂದ ಹೋದ ಅದೃಷ್ಟ ನಾನೇ ತರಬೇಕು ಅನ್ನಿಸಿತು. ಆಯುಧ ಪೂಜೆ ಹತ್ತಿರ ಬಂದಿತ್ತು. ಹಾಕಿ ಸ್ಟಿಕ್ಕು ಮುಟ್ಟಲು ಧೈರ್ಯವಿಲ್ಲ, ಅದಕ್ಕೂ ಏನು ಕಟ್ಟಳೆಯೋ. ಉಳಿದದ್ದು ಐಸ್ ಮೇಲೆ ಬಿಸಿನೀರು ಹರಿಸಿ ನುಣುಪು ಮಾಡುವ ದೊಡ್ಡ ಮಶೀನು. ಅದೂ ಚಕ್ರವಿರುವ ವಾಹನ, ಪೂಜೆಗೆ ಅರ್ಹ. ಇಂಡಿಯನ್ ಅಂಗಡಿಯಿಂದ ಕುಂಕುಮ, ಚೆಂಡು ಹೂ, ನಿಂಬೆಹಣ್ಣು ತಂದೆ. ಮಶೀನು ಓಡಿಸುವ ಅಜ್ಜ ಟೀಗೆ ಹೋದ ಹೊತ್ತು ನೋಡಿ, ಸ್ಟಿಯರಿಂಗಿಗೆ ಹೂವಿಟ್ಟು, ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟು, ಮುಂಭಾಗಕ್ಕೆ ಕೈತುಂಬ ಕುಂಕುಮ ಬಳಿದೆ.

ಅದು ಮುಂಭಾಗ ಅಲ್ಲ, ನೀರು ಬೀಳುವ ಹಿಂಭಾಗ ಎಂದು ನನಗೇನು ಗೊತ್ತು.

ಸಾವಿರಾರು ಜನರ ಎದುರು ಮಶೀನು ಐಸಿಗೆ ಇಳಿಯಿತು. ಅದು ಹೋದ ದಾರಿಯುದ್ದಕ್ಕೂ ಆರತಿಯ ಓಕುಳಿ ಚೆಲ್ಲಿದಂತೆ ಕೆಂಪು. ಯಾವುದೋ ದತ್ತಿಸಂಸ್ಥೆಗೆ ಹಣ ಕೂಡಿಸಲು ಐಸಿಗೆ ಬಣ್ಣ ಹಾಕಿರಬೇಕೆಂದುಕೊಂಡು ಕೆಲವರು ಚಪ್ಪಾಳೆ ತಟ್ಟಿದರು. ಮ್ಯಾನೇಜರು ಓಡಿಬಂದರು. ಅಜ್ಜ ಕೆಳಗಿಳಿದು, ಮಶೀನಿನ ಸುತ್ತ ಒಂದು ಸುತ್ತು ಹಾಕಿ, ಆಯಿಲ್ ಸೋರುತ್ತಿದೆ ಎಂದ. ಆ ಮಶೀನಿನ ಆಯಿಲ್ ಕೂಡ ಕೆಂಪಂತೆ. ಕೆರೆದು ಕೆರೆದು ಐಸ್ ಬೆಳ್ಳಗಾಗಲು ಒಂದೂವರೆ ತಾಸು ಹಿಡಿಯಿತು.

ಅವ್ವನಿಗೆ ಫೋನ್ ಮಾಡಿ ಅತ್ತೆ. ಅವ್ವ ಎಲ್ಲ ಕೇಳಿ ಅಂದಳು: "ಅಲ್ಲವಾ, ಲಿಂಗಾಯತರ ಮಗಳಾಗಿ ಒಂದೀಟು ವಿಭೂತಿ ಹಚ್ಚಿದ್ರ ಬಿಳೀದರಾಗ ಬಿಳೀದು, ಯಾರಿಗೆ ಕಾಣತಿತ್ತು?"

ಶೇಂಗಾ ಉಂಡಿ

ಲೀಡ್ಸಿನಿಂದ ಮೆಕ್ಯಾನಿಕ್‌ಗಳು ಬಂದು ಮಶೀನು ಬಿಚ್ಚಿದರು. ಮಶೀನು ಸರಿಯಾಗಿ ನೋಡಿಕೊಂಡಿಲ್ಲ ಎಂದು ಮ್ಯಾನೇಜರು ಅಜ್ಜನನ್ನು ಆಫೀಸಿಗೆ ಕರೆದು ವಿಚಾರಿಸಿದರು. ರಿಟೈರ್ ಆಗಲು ಎರಡೇ ವರ್ಷ ಉಳಿದಿದ್ದ ಮನುಷ್ಯ. ಹೇಳಿದರೆ ನನ್ನ ಕೆಲಸ ಹೋಗುತ್ತದೆ, ಹೇಳದಿದ್ದರೆ ಅವನದು. ನಾನು ಹೇಳಲಿಲ್ಲ. ಈಗ ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ. ಹೇಳುವ ಬದಲು ಪ್ರತಿ ಶನಿವಾರ ಅವನಿಗೆ ಒಂದು ಡಬ್ಬಿ ಶೇಂಗಾ ಉಂಡಿ ಒಯ್ದುಕೊಟ್ಟೆ. ಅವನು ಯಾಕೆ ಎಂದು ಕೇಳದೆ ತಿಂದ. ಕ್ರಿಸ್‌ಮಸ್‌ಗೆ ಮ್ಯಾನೇಜರು ನನ್ನನ್ನು ಮುಂದುವರಿಸಿದರು, ಅಂದಿನಿಂದ ಎರಡು ಡಬ್ಬಿ ಒಯ್ದೆ.

ಸೀಸನ್ನಿನ ಕೊನೆಯ ಪಂದ್ಯದ ದಿನ ತಡೆಯಲಾಗಲಿಲ್ಲ. ಅಜ್ಜನ ಕೋಣೆಗೆ ಹೋಗಿ, ಅದು ಆಯಿಲ್ ಅಲ್ಲ, ನನ್ನ ಕುಂಕುಮ, ಈಗಲೇ ಮ್ಯಾನೇಜರಿಗೂ ಹೇಳಿಬಿಡುತ್ತೇನೆ ಎಂದೆ. ಅರ್ಧ ಹೇಳುವಷ್ಟರಲ್ಲಿ ಅಳು ಬಂತು.

ಅಜ್ಜ ಉಂಡಿ ಅಗಿಯುತ್ತಲೇ ನನಗೆ ಕುರ್ಚಿ ತೋರಿಸಿ ಕೂರಿಸಿದ.

"ಗೊತ್ತು. ಸ್ಟಿಯರಿಂಗ್ ಮೇಲೆ ಹೂವಿತ್ತು, ಯಾರೂ ನೋಡುವ ಮೊದಲೇ ತೆಗೆದು ಜೇಬಿಗೆ ಹಾಕಿಕೊಂಡೆ. ಆಯಿಲ್ ಸೋರಿದರೆ ಹೂವು ಬಿಡುತ್ತದೆಯೇ?"

ಹಾಗಾದರೆ ಆಯಿಲ್ ಅಂತ ಯಾಕೆ ಹೇಳಿದೆ ಎಂದು ಕೇಳಿದೆ. ಏಳು ವರ್ಷದಿಂದ ಹೊಸ ಮಶೀನು ಕೇಳುತ್ತಿದ್ದನಂತೆ, ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಮೆಕ್ಯಾನಿಕ್‌ಗಳು ಬಿಚ್ಚಿದಾಗ ಸೋರಿಕೆ ಸಿಗಲಿಲ್ಲ, ಆದರೆ ಒಳಗಿನ ಪೈಪುಗಳೆಲ್ಲ ಸವೆದು, ನಾಳೆಯೋ ನಾಡಿದ್ದೋ ಒಡೆಯುವಂತಿದ್ದವಂತೆ. ತಾನು ಕೊಟ್ಟ ಏಳು ಪತ್ರಗಳ ನಕಲನ್ನೂ ವಿಚಾರಣೆಗೆ ಒಯ್ದಿದ್ದನಂತೆ. ಮ್ಯಾನೇಜರು ಕ್ಷಮೆ ಕೇಳಿದ್ದು ಅಕ್ಟೋಬರಿನಲ್ಲೇ. ಹೊಸ ಮಶೀನು ಮುಂದಿನ ವಾರವೇ ಬರುವುದಿತ್ತಂತೆ.

ಅಂದರೆ ಅವನ ಕೆಲಸಕ್ಕೆ ಅಕ್ಟೋಬರಿನಿಂದಲೂ ಏನೂ ಅಪಾಯವಿರಲಿಲ್ಲ. ನಾನು ಆರು ತಿಂಗಳು ನಿದ್ದೆಗೆಟ್ಟು, ಕೈ ನೋಯುವಷ್ಟು ಶೇಂಗಾ ಕುಟ್ಟಿದ್ದೆ. ಇದನ್ನು ನನಗೆ ಒಂದು ಮಾತು ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

ಅಜ್ಜ ಡಬ್ಬಿಯ ತಳದಲ್ಲಿದ್ದ ಕೊನೆಯ ಉಂಡಿ ಕೈಗೆ ತೆಗೆದುಕೊಂಡ.

"ಹೇಳಿದ್ದರೆ ಇವು ನಿಂತುಬಿಡುತ್ತಿದ್ದವು."