ಎಂಟು ರೊಟ್ಟಿಯ ಕಾರ್ಡು

ಪರಮಣ್ಣನ ಫಜೀತಿಗೆಲ್ಲ ಕಾರಣ, ಅವನ ರೇಶನ್ ಕಾರ್ಡು ಪುಕ್ಕಟೆ ಬಂದದ್ದು.

ಬಾಗಲಕೋಟೆ ಕಡೆಯಿಂದ ಗೋವೆಗೆ ಗೌಂಡಿ ಕೆಲಸಕ್ಕೆ ಬಂದು ಒಂಬತ್ತು ವರ್ಷ. ಅಷ್ಟೂ ವರ್ಷ ಹೆಂಡತಿ ಸತ್ಯವ್ವ ಚಿಮಣಿ ಎಣ್ಣೆಯನ್ನು ಕಾಳಸಂತೆಯಲ್ಲೇ ಕೊಂಡಿದ್ದಳು. ತೊಂಬತ್ತೊಂದರಲ್ಲಿ ರೇಶನ್ ಆಫೀಸಿಗೆ ಬಂದ ಹೊಸ ಸಾಹೇಬರು ಅರ್ಜಿ ಕೊಟ್ಟ ಹದಿನೈದೇ ದಿನಕ್ಕೆ ಕಾರ್ಡು ಕೈಗಿತ್ತರು. ಯಾರ ಕೈಯನ್ನೂ ಬೆಚ್ಚಗೆ ಮಾಡಬೇಕಾಗಲಿಲ್ಲ. ಪರಮಣ್ಣನ ಕಣ್ಣು ತುಂಬಿ ಬಂತು. ಶನಿವಾರ ಎಣ್ಣೆ ಬರುತ್ತದೆಂದು ಸತ್ಯವ್ವ ಡಬ್ಬಿ ತೊಳೆದಿಟ್ಟಳು.

ಅವರಿದ್ದ ಚಿಂಬಲ್‌ನ ಓಣಿ ಮಾತ್ರ ನಂಬಲಿಲ್ಲ.

"ಖರೇ ಹೇಳಪಾ, ಎಷ್ಟು ಕೊಟ್ಟಿ?" ಎಂದ ಪಕ್ಕದ ಮನೆಯ ದೇವಪ್ಪ. ಮರಾಠಿ ಶಾಲೆಯಲ್ಲಿ ಏಳನೆಯ ಇಯತ್ತೆ ಓದಿದವನಾದ್ದರಿಂದ ಓಣಿಯ ಕಾಗದಪತ್ರವೆಲ್ಲ ಅವನದೇ ಕಾರಭಾರು.

"ಒಂದ ಕಪ್ ಚಹಾನೂ ಕುಡಿಸಿಲ್ಲೋ. ದೇವರಂಥಾ ಮನಷ್ಯಾ."

"ನಮಗ ರೇಟ್ ಹೇಳಬಾರದಂತ ಹಂಗಂತಾನ," ಎಂದು ದೇವಪ್ಪ ಉಳಿದವರಿಗೆ ತಿಳಿಸಿದ.

ಸತ್ಯವ್ವನ ಹಟ ಬೇರೆ. "ಇಷ್ಟು ಉಪಕಾರ ಮಾಡಿದವರಿಗೆ ಬಾಯಿಮಾತಿಲೆ ಹೇಳಿದ್ರ ಹೆಂಗ್ರಿ? ಎಂಟು ರೊಟ್ಟಿ ಬಡದೇನಿ, ಶೇಂಗಾ ಚಟ್ನಿ ಐತಿ. ಕೊಟ್ಟು ಬರ್ರಿ."

ಒಂದು ದಿನದ ಪಗಾರ ಬಿಟ್ಟು ಪರಮಣ್ಣ ಗಂಟು ಹಿಡಿದು ಆಫೀಸಿಗೆ ಹೊರಟ. ಗಂಟು ಮೇಜಿನ ಮೇಲೆ ಇಟ್ಟದ್ದೇ ತಡ, ಸಾಹೇಬರು ಹಾವು ಕಂಡವರಂತೆ ಕುರ್ಚಿ ಹಿಂದಕ್ಕೆ ಸರಿಸಿದರು. ಅವರ ಕೊಂಕಣಿಯನ್ನು ಹುಬ್ಬಳ್ಳಿಯ ಜವಾನ ಅಲ್ಲಾವುದ್ದೀನ ಕನ್ನಡಕ್ಕೆ ತಂದ.

"ಏನೂ ತಗೊಳ್ಳಂಗಿಲ್ಲಂತ್ರಿ. ಯಾರು ಏನು ತಂದ್ರೂ ಎಲ್ಲಾರಿಗೂ ಕಾಣೂಹಂಗ ಬೋರ್ಡಿನ ಮ್ಯಾಲ ಬರೀಬೇಕಂತ. ಸಾಹೇಬ್ರ ನೇಮರಿ."

ಹೊರಗಿನ ಕರಿಹಲಗೆಯ ಮೇಲೆ ಮರಾಠಿಯಲ್ಲಿ ಬರೆಯಲಾಯಿತು: ಪರಮಣ್ಣ, ಚಿಂಬಲ್. ರೊಟ್ಟಿ ಎಂಟು, ಶೇಂಗಾ ಚಟ್ನಿ. ವಾಪಸ್ ಕೊಟ್ಟಿದೆ. ಪರಮಣ್ಣನಿಗೆ ಸಾಹೇಬರ ಮೇಲಿನ ಭಕ್ತಿ ಇಮ್ಮಡಿಯಾಯಿತು. ಗಂಟಿನೊಂದಿಗೆ ದೂರದಿಂದಲೇ ಕೈಮುಗಿದು ಮರಳಿದ.

ಅಂದೇ ಅರ್ಜಿ ಕೊಡಲು ಹೋಗಿದ್ದ ದೇವಪ್ಪ ಹಲಗೆಯನ್ನು ಎರಡು ಸಲ ಓದಿಕೊಂಡು ಬಂದ. ಸಂಜೆಗೆ ಪರಮಣ್ಣನ ಮನೆಯ ಮುಂದೆ ಓಣಿಯೇ ನೆರೆದಿತ್ತು.

"ರೇಟ್ ಬೋರ್ಡಿಗೇ ಹಚ್ಚಿಬಿಟ್ಟಾರ," ಎಂದ ದೇವಪ್ಪ. "ಎಂಟು ರೊಟ್ಟಿ, ಒಂದು ಚಟ್ನಿ. ಮುಚ್ಚುಮರಿ ಏನೂ ಇಲ್ಲ."

"ವಾಪಸ್ ಅಂತ ಬರದದ್ದು ಓದಲಿಲ್ಲೇನು?" ಎಂದ ಪರಮಣ್ಣ.

"ಓದಿನಪಾ. ಮತ್ತೇನು, ತಿಂದೇವಿ ಅಂತ ಬರೀತಾರೇನು?"

ಸಾಕ್ಷಿ ತೋರಿಸಲು ಪರಮಣ್ಣ ಗಂಟು ಬಿಚ್ಚಿದ. ಮಾದರಿ ನೋಡೋಣವೆಂದು ಓಣಿಯವರು ಎಂಟೂ ರೊಟ್ಟಿ ಮುರಿದು ಹಂಚಿಕೊಂಡು ತಿಂದರು.

"ವೈನಿ, ನಿಮ್ಮ ಕೈ ರೊಟ್ಟಿನ ಪಾಸ್ ಆಗ್ಯಾವ," ಎಂದು ದೇವಪ್ಪ ಸತ್ಯವ್ವನಿಗೆ ಹೇಳಿದ. "ಓಣ್ಯಾಗಿನ ಹದಿನಾಲ್ಕೂ ಮನಿಗೆ ನೀವ ಬಡೀರಿ."

ಅಷ್ಟರಲ್ಲಿ ಅಲ್ಲಾವುದ್ದೀನ ಸೈಕಲ್ಲಿನಿಂದ ಇಳಿದ.

"ತಪ್ಪು ತಿಳೀಬ್ಯಾಡ್ರಿ ಪರಮಣ್ಣಾರ. ಏನಾರ ಕೊಡಾಕ ಬಂದವರ ಕಾಗದಾ ಮತ್ತೊಮ್ಮೆ ತಪಾಸ್ ಆಗಬೇಕಂತ. ಅಲ್ಲೀತನಕ ಕಾರ್ಡು ಆಫೀಸಿನಾಗ ಇರಬೇಕ್ರಿ."

"ಎಷ್ಟು ದಿನಾರಿ?"

"ಆರು ತಿಂಗಳಾದ್ರೂ ಆದೀತ್ರಿ."

ಪರಮಣ್ಣ ಟ್ರಂಕಿನಿಂದ ಕಾರ್ಡು ತೆಗೆದು, ಕಣ್ಣಿಗೊತ್ತಿ, ಎರಡೂ ಕೈಯಿಂದ ಕೊಟ್ಟ. "ಇರ್ಲಿ ಬಿಡ್ರಿ. ನಮ್ಮ ಸಲುವಾಗಿನೂ ನೇಮ ಮುರೀಲಿಲ್ಲ, ದೊಡ್ಡ ಮನಷ್ಯಾ. ನಮಸ್ಕಾರ ಹೇಳ್ರಿ ಅವ್ರಿಗೆ." ಒಳಗೆ ಸತ್ಯವ್ವ ತೊಳೆದಿಟ್ಟ ಡಬ್ಬಿಯನ್ನು ಮತ್ತೆ ಅಟ್ಟಕ್ಕೆ ಏರಿಸಿದಳು.

ಸೈಕಲ್ಲು ತಿರುವಿನಲ್ಲಿ ಮರೆಯಾಯಿತು. ಆಮೇಲೆ ದೇವಪ್ಪ ಬೆರಳಿನ ಚಟ್ನಿ ನೆಕ್ಕಿ, ಒಳಗೆ ಕೇಳುವಂತೆ ಹೇಳಿದ:

"ಎಂಟು ಕಮ್ಮಿ ಬಿದ್ದಾವ ನೋಡ್ರಿ ವೈನಿ. ನಮಗ ಮನಿಗೆ ಹತ್ತರಂಗ ಬಡೀರಿ."