ಅನಾಕ್ಲೆತೊ ಸೌದೆ ಕಾದದ್ದು

ಆ ದಿನದ ಅನಾಹುತಕ್ಕೆಲ್ಲ ಕಾರಣ ಒಂದು ಹೋರಿಗರು.

ಕೊಲೊರಾಡೊ ನದಿಯ ದಂಡೆಯಲ್ಲಿ ಸಾನ್ ಲಾಸರೊ ಹುಟ್ಟಿ ಆಗಿನ್ನೂ ಎರಡು ವರ್ಷ. ಊರೆಂದರೆ ಹತ್ತೆಂಟು ಜೊಂಡಿನ ಗುಡಿಸಲು, ದೋನ್ ಇಲಾರಿಯೊನ ಡೇರೆಯಂಗಡಿ, ಮತ್ತೆ ಸೌದೆ ಕಡಿಯುವ ಅನಾಕ್ಲೆತೊನ ಮಾಳಿಗೆ ಮನೆ. ತಲೆಯ ಮೇಲೆ ಗಟ್ಟಿ ಸೂರಿದ್ದದ್ದು ಅವನೊಬ್ಬನಿಗೇ. ನೆರೆಯಲ್ಲಿ ತೇಲಿಬಂದ ದಿಮ್ಮಿಗಳನ್ನು ಈಜಿ ಹಿಡಿದು, ತೊಲೆ ಜಂತೆ ಕೂಡಿಸಿ, ಒಂದೂವರೆ ವರ್ಷ ಬೆವರು ಸುರಿಸಿ ಕಟ್ಟಿದ್ದ. ಮುಗಿದ ಮೇಲೆಯೇ ಹೆಂಡತಿ ಎಲೋಯ್ಸಾಗೆ ಕಾಗದ ಬರೆಸಿದ: ಮನೆ ಆಗಿದೆ, ಮಗುವನ್ನು ಕರೆದುಕೊಂಡು ಬಾ. ಮಗಳ ಮುಖವನ್ನು ಅವನಿನ್ನೂ ನೋಡಿರಲಿಲ್ಲ.

ಇವತ್ತು ಅವರಿಬ್ಬರೂ ಹಬೆಹಡಗಿನಲ್ಲಿ ಬರುವವರಿದ್ದರು. ಆದರೆ ಕಪ್ತಾನ ಪ್ರೂಯಿಟ್‌ನದು ಒಂದೇ ಮಾತು. ದಂಡೆಯ ಮೇಲೆ ಕುಲುಮೆಗೆ ಬೇಕಾದ ಸೌದೆ ಒಟ್ಟಿದ್ದರೆ ಹಡಗು ನಿಲ್ಲುತ್ತದೆ. ಇಲ್ಲವಾದರೆ ಇಳಿಯುವವರು ಯಾರೇ ಇರಲಿ, ಹತ್ತು ಹರದಾರಿ ಆಚೆಯ ಲಾ ಪಲೋಮಾದಲ್ಲೇ ಇಳಿಯಬೇಕು. ಅಷ್ಟು ದೂರದ ಮರಳಿನಲ್ಲಿ ಮಗುವನ್ನೆತ್ತಿಕೊಂಡು ನಡೆದು ಬಂದವರು ಬದುಕುವುದಿಲ್ಲ. ಅದಕ್ಕೇ ಅನಾಕ್ಲೆತೊ ಎರಡು ತಿಂಗಳು ಜಾಲಿ ಕಡಿದು ಆಳೆತ್ತರ ಒಟ್ಟಿದ್ದ. ಬೆಳಗಿನಿಂದ ಕಾವಿಗೆ ಕೂತ ಕೋಳಿಯ ಹಾಗೆ ಅದರ ಬುಡ ಬಿಟ್ಟು ಕದಲಿರಲಿಲ್ಲ.

ಮೊದಲು ಬಂದವನು ದೋನ್ ಇಲಾರಿಯೊ. ಯಾರೂ ಆರಿಸದಿದ್ದರೂ ಊರಿಗೆ ತಾನೇ ಯಜಮಾನನೆಂದು ತಿಳಿದುಕೊಂಡವನು.

"ಕಪ್ತಾನನಿಗೆ ಊಟ ಹಾಕ್ಬೇಕು ಕಣಯ್ಯ. ಹೋರಿಗರು ಕಡಿಸಿದೀನಿ. ಗುಂಡೀಲಿ ಬೇಯ್ಸೋಕೆ ಒಂದ್ ನಾಲ್ಕ್ ಹೊರೆ ಕೊಡು."

"ಸೌದೆ ಇಲ್ದಿದ್ರೆ ಹಡಗೇ ನಿಲ್ಲಲ್ಲ, ದೋನ್ ಇಲಾರಿಯೊ."

"ಉಂಡ ಬಾಯಿ ನಮ್ಮೂರ್ನ ಮರೆಯತ್ತಾ? ನಿನ್ ಹೆಂಡ್ತಿ ಬರ್ತಿರೋದು ನಂಗೇನ್ ಬೇಜಾರಾ? ಏಳು, ಮೇಲಿನ್ದೇ ತಗೋತೀನಿ."

ನಾಲ್ಕು ಹೊರೆ ಅಂದವನು ಹದಿನಾಲ್ಕು ಹೊರಿಸಿಕೊಂಡು ಹೋದ. ಬೆನ್ನಿಗೇ ರೊಟ್ಟಿ ಸುಡುವ ಮುದುಕಿ ದೋನ್ಯಾ ತ್ರಿನಿದಾದ್ ಬಂದಳು.

"ಮಾಂಸ ಒಂದನ್ನೇ ತಿನ್ನಿಸ್ತೀಯಾ ಮಗಾ? ಬಾಣಂತನ ಮುಗಿಸ್ಕೊಂಡು ಬರೋಳಿಗೆ ಬಿಸಿ ರೊಟ್ಟಿ ಬೇಡ್ವಾ?"

"ಮಗೂಗೆ ಒಂದೂವರೆ ವರ್ಷ ಆಯ್ತು, ದೋನ್ಯಾ."

"ಹಂಗಾದ್ರೆ ಅದೂ ರೊಟ್ಟಿ ತಿನ್ನತ್ತೆ."

ಅನಾಕ್ಲೆತೊ ತಾನೇ ಹೊರೆ ಕಟ್ಟಿಕೊಟ್ಟ. ಮುದುಕಿಯ ಒಲೆ ಊರು ಸುಡುವಷ್ಟು ದೊಡ್ಡದು. ಮಧ್ಯಾಹ್ನದ ಹೊತ್ತಿಗೆ ಆಳೆತ್ತರದ ಒಟ್ಟಿಲು ಮೊಣಕಾಲೆತ್ತರವಾಗಿತ್ತು. ಆದರೂ ಕಪ್ತಾನನ ಕಣ್ಣಿಗೆ ಬೀಳುವಷ್ಟಿದೆ ಎಂದು ಅವನು ಸಮಾಧಾನ ಮಾಡಿಕೊಂಡ. ಯಾರಿಗೂ ಇಲ್ಲ ಎನ್ನಲಾರದ ಸ್ವಭಾವ ಅವನದು. ಒಳ್ಳೆಯವರ ಬದುಕು ಹೀಗೆಯೇ ಸೋರಿ ಹೋಗುವುದನ್ನು ನಾವೆಲ್ಲ ನೋಡಿದ್ದೇವೆ.

ಅಷ್ಟರಲ್ಲಿ ತಿರುವಿನಾಚೆ ಹೊಗೆ ಕಂಡಿತು. ಅನಾಕ್ಲೆತೊ ಮೈಮರೆತು, ಅಂಗಿ ಬದಲಿಸಿ ಬರಲು ಮನೆಗೆ ಓಡಿದ. ಬಂದು ನೋಡಿದರೆ ಉಳಿದ ಸೌದೆ ಧಗಧಗ ಉರಿಯುತ್ತಿದೆ. ಮುಂದೆ ನಿಂತು ದೋನ್ ಇಲಾರಿಯೊ ಟೋಪಿ ಬೀಸುತ್ತಿದ್ದಾನೆ.

"ಹಡಗಿನೋರಿಗೆ ನಾವು ಕಾಣ್ಬೇಡ್ವೇನಯ್ಯ? ನಾನೇ ಹಚ್ಚಿಸ್ದೆ," ಎಂದ.

ಹಡಗಿನವರಿಗೆ ಬೆಂಕಿಯೇನೋ ಕಂಡಿತು. ನೀರು ತಳ್ಳುವ ಚಕ್ರ ನಿಧಾನವಾಯಿತು. ಕಟಕಟೆಯ ಬಳಿ ಎಲೋಯ್ಸಾ, ಸೊಂಟದ ಮೇಲೆ ಒಂದು ಪುಟ್ಟ ಬಿಳಿ ಕುಲಾವಿ. ಅನಾಕ್ಲೆತೊ ನೀರಿನಂಚಿಗೆ ಓಡಿದ.

"ಸೌದೆ ಎಲ್ರಯ್ಯಾ?" ಕಪ್ತಾನ ಮೇಲಿನಿಂದಲೇ ಕೇಳಿದ.

"ಸನ್ಮಾನ್ಯ ಕಪ್ತಾನರೇ," ಎಂದು ದೋನ್ ಇಲಾರಿಯೊ ಭಾಷಣ ಶುರುಮಾಡಿದ.

ಕಪ್ತಾನ ಗಂಟೆಯ ಹಗ್ಗಕ್ಕೆ ಕೈಹಾಕಿದ. ಚಕ್ರ ಮತ್ತೆ ತಿರುಗಿತು.

"ನಿಲ್ಸಿ ಸಾಹೇಬ್ರೆ," ಅನಾಕ್ಲೆತೊ ಎದೆಮಟ್ಟದ ನೀರಿಗೆ ಇಳಿದು ಕೂಗಿದ. "ಒಣಗಿದ ತೊಲೆ ಇದಾವೆ. ಎರಡು ಬೇಸಿಗೆ ಕಂಡಿರೋವು. ಒಂದ್ ಗಂಟೆ ಟೈಮ್ ಕೊಡಿ."

ಹಡಗು ನಿಂತಿತು. ಅನಾಕ್ಲೆತೊ ಕೊಡಲಿ ಹಿಡಿದು ತನ್ನ ಮಾಳಿಗೆ ಹತ್ತಿದ. ಊರವರೆಲ್ಲ ಓಡಿಬಂದರು. ಕಟ್ಟುವಾಗ ಒಂದು ದಿನವೂ ಕೈಹಚ್ಚದವರು ಕೆಡವುವುದಕ್ಕೆ ಎಷ್ಟು ಚುರುಕಾಗಿದ್ದರೆಂದರೆ, ಗಂಟೆಯೊಳಗೆ ತೊಲೆ, ಜಂತೆ, ಬಾಗಿಲು ಎಲ್ಲ ಹಡಗಿನೊಳಗಿದ್ದವು. ಕಪ್ತಾನ ಒಂದು ತುಂಡನ್ನು ತಟ್ಟಿ ನೋಡಿ ತಲೆದೂಗಿದ.

ಹಲಗೆ ಹಾಕಿದರು. ಎಲೋಯ್ಸಾ ಇಳಿದು ಬಂದಳು. ಮಗಳು ಅಪ್ಪನ ಒದ್ದೆ ಮೀಸೆ ಹಿಡಿದೆಳೆದಳು. ಆ ಒಂದು ಗಳಿಗೆ ಅವನಿಗೆ ಇಡೀ ಲೋಕ ಮರೆತುಹೋಯಿತು.

"ನಮ್ಮನೆ ಯಾವ್ದು?" ಎಲೋಯ್ಸಾ ಕೇಳಿದಳು.

ಅವನು ಕೈತೋರಿಸಿದ. ಬಿಸಿಲಲ್ಲಿ ನಾಲ್ಕು ಮಣ್ಣಿನ ಗೋಡೆ.

"ಸೂರು ಎಲ್ರೀ?"

"ಇತ್ತು. ಈಗಿನ್ನ ಇತ್ತು. ನಿನ್ನ ಇಳಿಸ್ಕೊಳ್ಳೋಕೇ ಕಣೆ ಕಿತ್ಕೊಟ್ಟಿದ್ದು."

ಅವಳು ಅವನ ಕೈಯ ಬೊಬ್ಬೆಗಳನ್ನು ನೋಡಿದಳು, ಗೋಡೆಗಳನ್ನು ನೋಡಿದಳು. ಸಿಟ್ಟು ಮಾಡಲಿಲ್ಲ. ಕಣ್ಣು ತುಂಬಿತ್ತು.

"ಈ ಬಿಸಿಲಲ್ಲಿ ಮಗೂನ ಎಲ್ಲಿ ಮಲಗಿಸ್ಲಿ? ಲಾ ಪಲೋಮಾದಲ್ಲಿ ನಮ್ಮಕ್ಕ ಇದಾಳೆ, ಅಲ್ಲಿರ್ತೀವಿ. ಸೂರು ಹಾಕಿ ಕಾಗದ ಬರೆಸಿ. ಬರ್ತೀನಿ, ಆಣೆ."

ಮಗುವನ್ನು ಅವನ ತೋಳಿನಿಂದ ಮೆಲ್ಲಗೆ ಬಿಡಿಸಿಕೊಂಡು ಹಲಗೆ ಹತ್ತಿದಳು.

"ಒಳ್ಳೆ ಸೌದೆ ಕಣಯ್ಯ," ಮೇಲಿನಿಂದ ಕಪ್ತಾನ ಹೇಳಿದ. "ಇನ್ಮೇಲೆ ಪ್ರತಿ ಸಲ ಇಲ್ಲೇ ನಿಲ್ಸ್ತೀನಿ."

"ನೋಡಿದ್ಯಾ, ನಮ್ಮೂರು ಉಳೀತು," ಎಂದು ದೋನ್ ಇಲಾರಿಯೊ ಅವನ ಬೆನ್ನು ತಟ್ಟಿದ.

ಹಡಗಿನ ಕೊಳವೆಯಿಂದ ಹೊಗೆ ಎದ್ದಿತು. ಒಂದೂವರೆ ವರ್ಷ ಕಷ್ಟಪಟ್ಟು ಕಟ್ಟಿದ ಮನೆ ಕುಲುಮೆಯಲ್ಲಿ ಚೆನ್ನಾಗಿಯೇ ಉರಿಯಿತು. ಅವನ ಹೆಂಡತಿಯನ್ನೂ ಮಗಳನ್ನೂ ಲಾ ಪಲೋಮಾ ತನಕ ಕರೆದುಕೊಂಡು ಹೋದದ್ದು ಅದೇ.